ಕೊಲ್ಲೊಂತಾಯ್ ಹೇಗೆ ಬಚಾವಾದಳು ಅಂತ ಕೇಳುವವರಿಗೆಲ್ಲ

1917ರಲ್ಲಿ ರಷ್ಯಾದಲ್ಲಿ ಕ್ರಾಂತಿ ಮಾಡಿದ ಬೊಲ್ಷೆವಿಕ್ ಪಕ್ಷದ ನಾಯಕಿ ಅಲೆಕ್ಸಾಂಡ್ರಾ ಕೊಲ್ಲೊಂತಾಯ್ ಹೆಸರೆತ್ತಿದರೆ ಸಾಕು, ಅದೇ ಪ್ರಶ್ನೆ: "ಹಳೇ ಬೊಲ್ಷೆವಿಕ್ಕರನ್ನೆಲ್ಲ ಸ್ಟಾಲಿನ್ ಮುಗಿಸಿದನಲ್ಲ, ಇವಳು ಹೇಗೆ ಉಳಿದಳು?" ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ದೂರ ಇದ್ದಳು, ಬಾಯಿ ಮುಚ್ಚಿಕೊಂಡಿದ್ದಳು, ಅದೃಷ್ಟವೂ ಇತ್ತು. 1921ರಲ್ಲಿ ಪಕ್ಷದೊಳಗೇ ಇದ್ದ 'ಕಾರ್ಮಿಕರ ವಿರೋಧ' ಅನ್ನುವ ಭಿನ್ನಮತೀಯ ಬಣದ ಪರ ನಿಂತು ಲೆನಿನ್‌ನನ್ನೇ ಎದುರು ಹಾಕಿಕೊಂಡಳು. ಮರುವರ್ಷ ರಾಯಭಾರದ ಕೆಲಸ ಕೊಟ್ಟು ನಾರ್ವೆಗೆ ಸಾಗಹಾಕಿದರು. ಆಮೇಲೆ ಮೆಕ್ಸಿಕೊ, ಮತ್ತೆ ನಾರ್ವೆ, 1930ರಿಂದ 1945ರವರೆಗೆ ಸ್ವೀಡನ್. 1927ರಲ್ಲಿ ಸ್ಟಾಲಿನ್ ವಿರೋಧಿಗಳನ್ನು ಬೈದು ಪಕ್ಷದ ಪತ್ರಿಕೆ ಪ್ರಾವ್ದಾದಲ್ಲಿ ಬರೆದಳು. ಆ ಬಣದಲ್ಲಿ ಜೊತೆಗೆ ಹೋರಾಡಿದ ಶ್ಲ್ಯಾಪ್ನಿಕೊವ್‌ನನ್ನು 1937ರಲ್ಲಿ, ಒಂದು ಕಾಲಕ್ಕೆ ಗಂಡನಾಗಿದ್ದ ದಿಬೆಂಕೊನನ್ನು 1938ರಲ್ಲಿ ಗುಂಡಿಟ್ಟು ಕೊಂದರು, ಅವಳು ಸ್ಟಾಕ್‌ಹೋಮಿನಲ್ಲಿ ಕೆಲಸ ಮಾಡುತ್ತಲೇ ಇದ್ದಳು. ಚಂದದ ಕಥೆಯೇನಲ್ಲ, ನಂಗೂ ಗೊತ್ತು.

ನನಗೆ ಉರಿಯುವುದು ಪ್ರಶ್ನೆಗಲ್ಲ, ಕೇಳುವ ಧಾಟಿಗೆ. ಒಂದು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಚಿಕ್ಕಪ್ಪ ಹೋಳಿಗೆ ಮುರಿಯುತ್ತಾ, "ಸ್ಟಾಲಿನ್‌ಗೆ ಸ್ವಲ್ಪ ಬೇಕಾದವಳೇ ಇರಬೇಕು ಬಿಡು" ಅಂದು ಕಣ್ಣು ಮಿಟುಕಿಸಿದರು. "ಮೊಲೊಟೊವ್, ಅವನೂ ಹಳೇ ಬೊಲ್ಷೆವಿಕ್ಕನೇ, 96 ವರ್ಷ ಬದುಕಿದ, ಚಿಕ್ಕಪ್ಪ. ಇನ್ನೊಬ್ಬ ಕಲಿನಿನ್ ಕಾಯಿಲೆ ಬಂದು ಸತ್ತ. ಅವರೂ ಬೇಕಾದವರೇನಾ?" ಅಂದೆ. ಅವರು ತುಪ್ಪ ಬಡಿಸುವವನನ್ನು ಕರೆದರು. ಗಂಡಸು ಉಳಿದರೆ ಚಾಣಾಕ್ಷ, ಹೆಂಗಸು ಉಳಿದರೆ ಏನೋ ಇದೆ. ಅಲ್ವಾ?

ಸುಮ್ನೆ ಒಂದು ಸಲ, ಅವಳು ಮಂತ್ರಿಯಾಗಿ ಏನು ಮಾಡಿದಳು ಅಂತ ಕೇಳಿ ನೋಡೋಣ. 1917ರ ಕೊನೆಗೆ ಲೆನಿನ್ ಸರ್ಕಾರದಲ್ಲಿ ಸಮಾಜ ಕಲ್ಯಾಣದ ಕಮಿಸಾರ್ ಆದಳು, ಅಂದರೆ ಮಂತ್ರಿ. ಕೆಲಸ ಮಾಡುವ ಹೆಂಗಸರಿಗೆ ಹೆರಿಗೆಗೆ ಮುಂಚೆ 8 ವಾರ, ಆಮೇಲೆ 8 ವಾರ ದುಡ್ಡು ಸಿಗುವ ರಜೆ ಬಂದದ್ದು ಆ ದಿನಗಳಲ್ಲೇ. 1918ರ ಮಾರ್ಚಿನಲ್ಲಿ ಜರ್ಮನಿ ಜೊತೆಗಿನ ಬ್ರೆಸ್ಟ್ ಶಾಂತಿ ಒಪ್ಪಂದ ಒಪ್ಪದೆ ಕುರ್ಚಿ ಬಿಟ್ಟಳು. ಬಾಯಿ ಮುಚ್ಚಿಕೊಂಡಳು ಅಂದೆನಲ್ಲ, ಅದಕ್ಕೆ ಮುಂಚೆ ಹೀಗೂ ಇದ್ದಳು.

ಮೊದಲ ದಿನ ಇಲಾಖೆಯ ಬಾಗಿಲಲ್ಲಿ ಜರತಾರಿ ಪಟ್ಟಿಯ ಸಮವಸ್ತ್ರ ಹಾಕಿದ್ದ ಕಾವಲುಗಾರ, ಅರ್ಜಿ ಕೊಡುವ ಹೊತ್ತು ಮುಗಿಯಿತು ಅಂತ ಅವಳನ್ನೇ ಒಳಗೆ ಬಿಡಲಿಲ್ಲ. ಒಳಗೆ ನೌಕರರ ಮುಷ್ಕರ ಬೇರೆ, ತಿಜೋರಿಯ ಬೀಗದ ಕೈ ಕೊಡಲೇ ಇಲ್ಲ. ಅವರನ್ನು ಹಿಡಿದು ಕೂರಿಸಿ ಬೀಗದ ಕೈ ವಸೂಲಿ ಮಾಡಬೇಕಾಯಿತು, ಹಾಗೆ ಮಾಡುವಾಗ ಅತ್ತಳಂತೆ. ಈ ಗಲಾಟೆಯ ಮಧ್ಯೆ ನಾರಿನ ಚಪ್ಪಲಿ ಹಾಕಿಕೊಂಡ ರೈತನೊಬ್ಬ ಲೆನಿನ್ ಬರೆದುಕೊಟ್ಟ ಚೀಟಿ ಹಿಡಿದು ಬಂದ. ತ್ಸಾರ್ ಕಾಲದಲ್ಲಿ ಯುದ್ಧಕ್ಕೆಂದು ಅವನ ಕುದುರೆ ಕಿತ್ತುಕೊಂಡಿದ್ದರು, ದುಡ್ಡು ಕೊಟ್ಟಿರಲಿಲ್ಲ. ಇವನಿಗೆ ಕೊಡಿ ಅಂತ ಚೀಟಿ. ಕೊಡೋಣ ಅಂದರೆ ಎಲ್ಲಿಂದ? ಬೆಳಿಗ್ಗೆ ಬೆಳಿಗ್ಗೆ ಅವನು ಮತ್ತೆ ಹಾಜರ್.

ಅವನಿಗೆ ದುಡ್ಡು ಸಿಕ್ತಾ ಅಂತ ಇದುವರೆಗೆ ಯಾರೂ ಕೇಳಿಲ್ಲ. ಸಿಕ್ಕಿತು. ಬೀಗದ ಕೈ ಬಂದ ಮೇಲೆ ಅವಳ ಇಲಾಖೆಯಿಂದ ಮೊದಲು ದುಡ್ಡು ಹೋದದ್ದೇ ಆ ಕುದುರೆಗೆ.