ಇಪ್ಪತ್ತಾರು ಜೋಡಿ ಬೂಟು, ಇಪ್ಪತ್ತೈದು ದಿನ

ಆಗಸ್ಟ್ 23

ನಮ್ಮ ಓಣಿಯ ಹತ್ತಿರದ ಹೈಸ್ಕೂಲಿನಲ್ಲಿ ಎನ್‌ಸಿಸಿ ನೋಡಿಕೊಳ್ಳುವ ಸರ ಹೋದ ವಾರ ಮನೆಗೆ ಬಂದಿದ್ದರು. ಚಹಾ ಕುಡಿದು, ಮಳೆ, ತೊಗರಿ ಬೆಳೆ ಎಲ್ಲ ಮಾತಾಡಿ ಆಮೇಲೆ ವಿಷಯಕ್ಕೆ ಬಂದರು. "ಸೆಪ್ಟೆಂಬರ್ 17ಕ್ಕ ಪರೇಡ್ ಅದರಿ. ಹಿಂದಿನ ದಿನ ಬಟಾಲಿಯನ್‌ನಿಂದ ಟರ್ನ್‌ಔಟ್, ಅಂದ್ರ ಡ್ರೆಸ್ಸು-ಬೂಟು ಹೆಂಗದ ಅಂತ ನೋಡ್ಲಾಕ ಬರ್ತಾರ. ನಮ್ಮ ಹುಡುಗರನ್ನ ಸ್ವಲ್ಪ ತಯಾರ ಮಾಡಿಕೊಡ್ರಿ."

ನಾನು ಹದಿನೆಂಟು ವರ್ಷ ಫೌಜಿನಲ್ಲಿದ್ದು ಹವಾಲ್ದಾರ್ ಆಗಿ ಬಂದವನು. ಈಗ ಕಲಬುರಗಿಯಲ್ಲಿ ಸಣ್ಣ ಅಂಗಡಿ ಇದೆ. ಸಮಯ ಇಲ್ಲ ಅನ್ನಬಹುದಿತ್ತು, ಹೂಂ ಅಂದುಬಿಟ್ಟೆ. ಏನೇನು ಮಾಡಿದೆ, ಎಲ್ಲಿ ಎಡವಿದೆ ಅಂತ ಇಲ್ಲಿ ಬರೆದಿಡುತ್ತೇನೆ.

ಇವತ್ತು ಮೊದಲ ದಿನ. ಎಂಟನೇ ಮತ್ತು ಒಂಬತ್ತನೇ ಕ್ಲಾಸಿನ 26 ಮಕ್ಕಳು, 17 ಹುಡುಗರು, 9 ಹುಡುಗಿಯರು. ಏನೂ ಹೇಳಿಕೊಡದೆ, ಪರೇಡಿಗೆ ಹೇಗೆ ಬರುತ್ತೀರೋ ಹಾಗೇ ಬನ್ನಿ ಅಂದಿದ್ದೆ. ಬಂದರು. ಮುಂದಿನಿಂದ ನೋಡಿದರೆ ಪರವಾಗಿಲ್ಲ. ಹಿಂದೆ ಹೋಗಿ ನೋಡಿದರೆ 19 ಜನರ ಬೂಟಿನ ಹಿಮ್ಮಡಿಗೆ ಪಾಲಿಷ್ ಮುಟ್ಟಿಯೇ ಇಲ್ಲ. ಮೂವರ ನೇಮ್ ಪ್ಲೇಟ್ ಎಡಗಡೆ ಇದೆ, ಅದು ಬಲ ಜೇಬಿನ ಮೇಲಿರಬೇಕು. ಒಬ್ಬ ಅಣ್ಣನ ಪ್ಯಾಂಟು ಹಾಕಿಕೊಂಡು ಕೆಳಗೆ ಮೂರು ಮಡಿಕೆ ಮಡಚಿಕೊಂಡಿದ್ದ. ಅಂಗಿಯ ಗುಂಡಿಪಟ್ಟಿ, ಬೆಲ್ಟಿನ ಬಕಲ್, ಪ್ಯಾಂಟಿನ ಜಿಪ್ ಪಟ್ಟಿ ಮೂರೂ ಒಂದೇ ಗೆರೆಯಲ್ಲಿ ಬರಬೇಕು ಅನ್ನುವುದು ಇವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೈಯಲಿಲ್ಲ. ಇವತ್ತು ಬೈದರೆ ನಾಳೆ ಅರ್ಧ ಜನ ಬರುವುದಿಲ್ಲ.

ಆಗಸ್ಟ್ 25

ಎಲ್ಲರೂ ಪಾಲಿಷ್‌ನಿಂದ ಶುರು ಮಾಡುತ್ತಾರೆ. ನಾನು ಅಳತೆಯಿಂದ ಶುರು ಮಾಡಿದೆ. ಅಂಗಿ ಭುಜದಿಂದ ಇಳಿದು ಜೋತಾಡುತ್ತಿದ್ದರೆ ಎಷ್ಟು ಇಸ್ತ್ರಿ ಹೊಡೆದರೂ ಅದು ಹ್ಯಾಂಗರಿಗೆ ನೇತುಹಾಕಿದ ಹಾಗೇ ಕಾಣುತ್ತದೆ. 11 ಜೊತೆ ಡ್ರೆಸ್ ಗಂಟು ಕಟ್ಟಿಕೊಂಡು ಸೂಪರ್ ಮಾರ್ಕೆಟ್ ಕಡೆ ಇರುವ ಟೇಲರ್ ಚಾಚಾನ ಹತ್ತಿರ ಹೋದೆ. ಚಾಚಾ ಒಂದು ಒಳ್ಳೆ ಮಾತು ಹೇಳಿದರು, ಬಟ್ಟೆ ಕತ್ತರಿಸುವುದು ಬೇಡ, ಒಳಗೆ ಎರಡು ಬೆರಳು ಮಡಿಚಿ ಹೊಲಿಯುತ್ತೇನೆ, ಮಕ್ಕಳು ಬೆಳೆಯುತ್ತಾರೆ, ಜನವರಿ 26ರ ಹೊತ್ತಿಗೆ ಬಿಚ್ಚಿಕೊಳ್ಳಬಹುದು ಅಂತ. ನನಗೆ ಹೊಳೆದಿರಲಿಲ್ಲ.

ಆಗಸ್ಟ್ 29

ಬೂಟಿನ ದಿನ. ಶಾಲೆಯ ಕಟ್ಟೆ ಮೇಲೆ ಎಲ್ಲರನ್ನೂ ಕೂರಿಸಿದೆ. ನನ್ನ ಹಳೇ ಬೂಟು ಮನೆಯಿಂದ ತಂದಿದ್ದೆ, ನಾಲ್ಕು ವರ್ಷದಿಂದ ಅಟ್ಟದ ಮೇಲಿತ್ತು. ಭಾಷಣ ಮಾಡಲಿಲ್ಲ, ಸುಮ್ನೆ ಪಾಲಿಷ್ ಮಾಡುತ್ತಾ ಕೂತೆ.

ಇದನ್ನು ನಾನು ಕಲಿತಿದ್ದು ಬೆಳಗಾವಿಯಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರಿನಲ್ಲಿ ರಂಗರೂಟ್, ಅಂದರೆ ಹೊಸದಾಗಿ ಸೇರಿದ ಸಿಪಾಯಿ ಆಗಿದ್ದಾಗ. ನಮ್ಮ ಸೆಕ್ಷನ್ ನೋಡಿಕೊಳ್ಳುತ್ತಿದ್ದ ನಾಯಕ್ ಉಸ್ತಾದ್ ಇನ್ಸ್‌ಪೆಕ್ಷನ್ ಹಿಂದಿನ ರಾತ್ರಿ ಬ್ಯಾರಕ್‌ಗೆ ಬಂದು, ನಮ್ಮ ನಡುವೆ ಕೂತು, ತಮ್ಮ ಬೂಟು ತಾವು ಉಜ್ಜುತ್ತಿದ್ದರು. ನಾವು ನೋಡಿಕೊಂಡು ಹಾಗೇ ಮಾಡುತ್ತಿದ್ದೆವು. ಒಮ್ಮೆ ನನ್ನ ಬಕಲ್ ಮೇಲೆ ಹಿತ್ತಾಳೆ ತಿಕ್ಕುವ ಪಾಲಿಷ್ ಬ್ರಾಸೋದ ಬಿಳಿ ಪುಡಿ ಉಳಿದಿತ್ತು. ಇನ್ಸ್‌ಪೆಕ್ಷನ್‌ಗೆ ಬಂದ ಸಾಹೇಬರು ನನಗೆ ಒಂದು ಮಾತೂ ಅನ್ನಲಿಲ್ಲ. ತಿರುಗಿ ಉಸ್ತಾದರ ಮುಖ ನೋಡಿದರು, ಅಷ್ಟೇ. ಅವತ್ತು ಸಂಜೆ ಉಸ್ತಾದ್ ನನಗೆ ಎರಡು ರೌಂಡ್ ರಗಡಾ, ಅಂದರೆ ಮೈ ದಣಿಸುವ ಶಿಕ್ಷೆ, ಕೊಟ್ಟಿದ್ದರೂ ಬೇಜಾರಾಗುತ್ತಿರಲಿಲ್ಲ. ಕೊಡಲಿಲ್ಲ. ಅದೇ ಕಷ್ಟವಾಗಿದ್ದು.

ಇರಲಿ, ಬೂಟಿಗೆ ಬರೋಣ. ಮೊದಲು ಲೇಸು ಬಿಚ್ಚಬೇಕು. ಇದನ್ನೇ ಯಾರೂ ಮಾಡುವುದಿಲ್ಲ, ಲೇಸಿನ ಮೇಲೆಯೇ ಪಾಲಿಷ್ ಬಳಿಯುತ್ತಾರೆ. ಬ್ರಷ್‌ನಿಂದ ಧೂಳು ತೆಗೆದು, ಸೋಲ್ ಮತ್ತು ಚರ್ಮ ಸೇರುವ ಸಂದಿಯಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಆಡಿಸಬೇಕು. ಪಾಲಿಷ್ ತೆಳ್ಳಗೆ ಹಚ್ಚಿ ಹತ್ತು ನಿಮಿಷ ಬಿಡಬೇಕು. ಆಮೇಲೆ ಹತ್ತಿ, ಅದಕ್ಕೆ ಒಂದೇ ಹನಿ ನೀರು, ಬೂಟಿನ ಮೂಗಿನ ಮೇಲೆ ಸಣ್ಣ ಸಣ್ಣ ಸುತ್ತು. ಮೊದಲು ಮಬ್ಬಾಗುತ್ತದೆ, ಮಕ್ಕಳು ಹಾಳಾಯಿತು ಅಂದುಕೊಂಡು ಮತ್ತೆ ದಪ್ಪಗೆ ಹಚ್ಚುತ್ತಾರೆ. ಹಚ್ಚಬಾರದು. ಮಬ್ಬು ಬಂದ ಮೇಲೆ ತಾಳ್ಮೆಯಿಂದ ಇನ್ನೂ ನಾಲ್ಕು ತೆಳು ಪದರ ಕೊಟ್ಟರೆ ಹೊಳಪು ಏಳುತ್ತದೆ. ದಪ್ಪ ಪದರ ನಡೆಯುವಾಗ ಮಡಿಕೆ ಬೀಳುವ ಜಾಗದಲ್ಲಿ ಒಡೆದು ಉದುರುತ್ತದೆ.

ಒಂದೂವರೆ ಗಂಟೆ ಕೂತರು. ಹಿಮ್ಮಡಿ ಮರೆಯಲಿಲ್ಲ.

ಸೆಪ್ಟೆಂಬರ್ 1

ಗಣಪತಿ ಹಬ್ಬ ನಮ್ಮ ಕೆಲಸಕ್ಕೆ ಅಡ್ಡ ಬಂತು. ನಿನ್ನೆ ವಿಸರ್ಜನೆ ಮೆರವಣಿಗೆಯಲ್ಲಿ ಕುಣಿದವರ ಕಿವಿ, ಕತ್ತು, ಕೂದಲ ಬುಡ ಎಲ್ಲ ಗುಲಾಲು. ಒಬ್ಬನಂತೂ ಎನ್‌ಸಿಸಿ ಪ್ಯಾಂಟು ಹಾಕಿಕೊಂಡೇ ಕುಣಿದಿದ್ದಾನೆ. ಒಣ ಗುಲಾಲಿಗೆ ನೀರು ಹಾಕಿ ಉಜ್ಜಿದರೆ ಬಣ್ಣ ಇನ್ನೂ ಒಳಗಿಳಿಯುತ್ತದೆ, ಮೊದಲು ಕೊಡವಬೇಕು, ಆಮೇಲೆ ತಣ್ಣೀರಿನಲ್ಲಿ ಸೋಪು. ಅವರಮ್ಮ ಆಗಲೇ ಬಿಸಿನೀರಿನಲ್ಲಿ ನೆನೆಹಾಕಿದ್ದರು. ಪೂರ್ತಿ ಹೋಗಿಲ್ಲ. ಮೊಣಕಾಲಿನ ಹಿಂದೆ ತೆಳು ಗುಲಾಬಿ ಇದೆ, ಅವನನ್ನು ಮಧ್ಯದ ಸಾಲಿಗೆ ಹಾಕಿದ್ದೇನೆ.

ಸೆಪ್ಟೆಂಬರ್ 5

ಹಿತ್ತಾಳೆ. ಒಬ್ಬಳು ಹುಡುಗಿಯ ತಾಯಿ, ಮನೆಯ ಪೂಜೆ ಸಾಮಾನು ಹುಣಸೆಹಣ್ಣಿನಲ್ಲಿ ತಿಕ್ಕುವ ಹಾಗೇ ಕ್ಯಾಪ್ ಬ್ಯಾಡ್ಜ್‌ಗೂ ಹುಣಸೆ ಹಚ್ಚಿ ರಾತ್ರಿಯಿಡೀ ಇಟ್ಟಿದ್ದಾರೆ. ಬೆಳಿಗ್ಗೆ ಬ್ಯಾಡ್ಜು ತಾಮ್ರದ ಹಾಗೆ ಕೆಂಪು. ಹುಡುಗಿ ಅಳುವುದೊಂದು ಬಾಕಿ. ಬ್ರಾಸೋ ಹಾಕಿ ಇಪ್ಪತ್ತು ನಿಮಿಷ ತಿಕ್ಕಿದ ಮೇಲೆ ಹಳದಿ ಬಂತು. ಹುಣಸೆ ಕೆಟ್ಟದ್ದೇನಲ್ಲ, ಬ್ರಾಸೋ ಇಲ್ಲದವರು ಬಳಸಬಹುದು. ಆದರೆ ಎರಡು ನಿಮಿಷ ತಿಕ್ಕಿ, ಚೆನ್ನಾಗಿ ತೊಳೆದು, ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಸಂಜೆಗೆ ಮತ್ತೆ ಕಪ್ಪು.

ಇನ್ನೊಂದು ಉಪಾಯ. ಭುಜದ ಹಿತ್ತಾಳೆ ಅಕ್ಷರಗಳನ್ನು ಬಟ್ಟೆಯಿಂದ ಬಿಚ್ಚದೆ ತಿಕ್ಕುವವರು ರಟ್ಟಿನಲ್ಲಿ ಸೀಳು ಮಾಡಿ ಅಕ್ಷರದ ಅಡಿಗೆ ತೂರಿಸಿಕೊಳ್ಳಿ. ಖಾಕಿ ಮೇಲೆ ಬಿಳಿ ಕಲೆ ಆಗುವುದಿಲ್ಲ.

ಒಬ್ಬ ಕೇಳಿದ, "ಕಾಕಾ, ಈಗ ಫೌಜಿನಾಗ ಅಂಗಿ ಹೊರಗ ಬಿಡ್ತಾರಲ್ಲ, ನಮಗ್ಯಾಕ ಒಳಗ?" ಫೋನಿನಲ್ಲಿ ನೋಡಿದ್ದಾನೆ. ಅವನು ಹೇಳಿದ್ದು ಹೊಸ ಕಾಂಬ್ಯಾಟ್ ಡ್ರೆಸ್, 2022ರ ಜನವರಿ 15ರ ಆರ್ಮಿ ಡೇ ದಿನ ಮೊದಲು ತೋರಿಸಿದ್ದು. ಅದರ ಅಂಗಿ ಹೊರಗೇ ಇರುತ್ತದೆ. ನಿಮ್ಮದು ಖಾಕಿ, ಒಳಗೆ ಸೇರಿಸಪ್ಪಾ ಅಂದೆ.

ಸೆಪ್ಟೆಂಬರ್ 8

ಇಸ್ತ್ರಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದೇ ಕಾಲಿಗೆ ಎರಡು ಗೆರೆ ಬಂದರೆ ರೈಲು ಹಳಿ ಹಾಗೆ ಕಾಣುತ್ತದೆ, ಹಳೇ ಗೆರೆಗೆ ಒದ್ದೆ ಬಟ್ಟೆ ಇಟ್ಟು ಒತ್ತಿ ಅಳಿಸಿ ಆಮೇಲೆ ಹೊಸದು ಹಾಕಬೇಕು. ಪ್ಯಾಂಟಿನ ಒಳಮಗ್ಗುಲಿಗೆ ಗೆರೆ ಬೀಳುವಲ್ಲಿ ಒಣ ಸೋಪು ಎಳೆದು ಹೊರಗಿನಿಂದ ಒತ್ತಿದರೆ ಗೆರೆ ದಿನವಿಡೀ ನಿಲ್ಲುತ್ತದೆ. ಐದು ಮಕ್ಕಳ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯೇ ಇಲ್ಲ. ಅವರಿಗೆ ನಮ್ಮ ಟ್ರೇನಿಂಗ್ ಕಾಲದ ವಿದ್ಯೆ ಹೇಳಿದೆ. ಸ್ವಲ್ಪ ನೀರು ಚಿಮುಕಿಸಿ, ಗೆರೆ ಸರಿಯಾಗಿ ಮಡಚಿ, ಹಾಸಿಗೆ ಅಡಿಗೆ ಇಟ್ಟು ಮಲಗುವುದು. ನಮ್ಮ ಕಡೆ ಮನೆಮನೆಗೂ ಶಹಾಬಾದ್ ಪರಸಿ ನೆಲ ಇರುವುದರಿಂದ ಇದು ಇನ್ನೂ ಚೆನ್ನಾಗಿ ಆಗುತ್ತದೆ.

ಸೆಪ್ಟೆಂಬರ್ 10

ಇವತ್ತು ನಾನು ತಪ್ಪು ಮಾಡಿದೆ.

ಸುಳ್ಳು ಇನ್ಸ್‌ಪೆಕ್ಷನ್ ಇಟ್ಟಿದ್ದೆ. ಒಬ್ಬೊಬ್ಬರನ್ನೂ ಟೋಪಿಯಿಂದ ಬೂಟಿನವರೆಗೆ ನಾನೇ ನೋಡುತ್ತಾ ಹೋದೆ. ಒಂದು ಗಂಟೆ ನಲವತ್ತು ನಿಮಿಷ ಆಯಿತು, ನನಗೂ ತಲೆ ಕೆಟ್ಟಿತ್ತು. ಕೊನೆಯಲ್ಲಿ ಒಬ್ಬ ಹುಡುಗ ಕ್ಯಾನ್ವಾಸ್ ಶೂನಲ್ಲಿ ನಿಂತಿದ್ದ. ಎಲ್ಲರ ಮುಂದೆ ಜೋರಾಗಿ ಕೂಗಾಡಿಬಿಟ್ಟೆ. ಅವನು ಏನೂ ಹೇಳಲಿಲ್ಲ. ಆಮೇಲೆ ಗೊತ್ತಾಗಿದ್ದು, ಬೂಟಿನ ಸೋಲ್ ಬಾಯಿ ಬಿಟ್ಟಿದೆ, ಅಪ್ಪ ದಾಲ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ, ಶನಿವಾರ ಪಗಾರ ಬಂದ ಮೇಲೆ ಹೊಲಿಸಿಕೊಡುತ್ತೇನೆ ಅಂದಿದ್ದಾರೆ. ಪಕ್ಕದಲ್ಲಿ ನಿಂತಿದ್ದ ಅವನ ಗೆಳೆಯನಿಗೆ ಇದು ಒಂದು ವಾರದಿಂದ ಗೊತ್ತಿತ್ತು. ನನಗೆ ಹೇಳಬೇಕು ಅಂತ ಅವನಿಗೆ ಅನಿಸಿಯೇ ಇಲ್ಲ. ಯಾಕೆ ಅನಿಸಬೇಕು? ಅದು ಅವನ ಕೆಲಸ ಅಂತ ನಾನು ಯಾವತ್ತು ಹೇಳಿದ್ದೆ?

ಸಂಜೆ ಆ ಹುಡುಗನ ಮನೆಗೆ ಹೋಗಿ ಬೂಟು ಇಸಿದುಕೊಂಡು ಬಂದೆ. ಹೊಲಿಸಿದೆ, 80 ರೂಪಾಯಿ.

ಸೆಪ್ಟೆಂಬರ್ 11

ಇವತ್ತಿನಿಂದ ಪದ್ಧತಿ ಬೇರೆ. ನಾಲ್ಕು ಸೆಕ್ಷನ್ ಮಾಡಿದೆ, ಹುಡುಗರದು ಮೂರು, ಹುಡುಗಿಯರದು ಒಂದು. ಒಂಬತ್ತನೇ ಕ್ಲಾಸಿನ ನಾಲ್ವರು ಇನ್‌ಚಾರ್ಜ್. ನಾನು ಎಲ್ಲರನ್ನೂ ನೋಡುವುದಿಲ್ಲ, ಪ್ರತಿ ಸೆಕ್ಷನ್‌ನಲ್ಲಿ ಇಬ್ಬರನ್ನು ಮಾತ್ರ ನೋಡುತ್ತೇನೆ. ಯಾವ ಇಬ್ಬರು ಅಂತ ಮೊದಲೇ ಹೇಳುವುದಿಲ್ಲ. ತಪ್ಪು ಸಿಕ್ಕರೆ ಕೇಳುವುದು ಇನ್‌ಚಾರ್ಜನ್ನು.

ಹುಡುಗಿಯರ ಸೆಕ್ಷನ್ ಮೊದಲ ದಿನವೇ ಮುಂದೆ ಹೋಯಿತು. ಅವರ ಇನ್‌ಚಾರ್ಜ್ ಒಂದು ಡಬ್ಬಿ ಮಾಡಿಕೊಂಡಿದ್ದಾಳೆ, ಅದರಲ್ಲಿ ಸೂಜಿ, ಖಾಕಿ ದಾರ, ಹೇರ್ ನೆಟ್, ಪಿನ್ನು, ಉಗುರು ಕತ್ತರಿ. ಅಂಗಿಯ ಎಳೆಗಳನ್ನು ಉಗುರು ಕತ್ತರಿಯಲ್ಲಿ ಕತ್ತರಿಸುತ್ತಾಳೆ. ಹುಡುಗರು ಬೆಂಕಿಕಡ್ಡಿಯಿಂದ ಸುಡುತ್ತಿದ್ದರು, ಟೆರಿಕಾಟ್ ಕರಗಿ ಕಪ್ಪು ಗಂಟು ಆಗುತ್ತಿತ್ತು. ಬೆರೆಟ್ ಅಡಿಯಲ್ಲಿ ತುರುಬು ಕೆಳಗಿಳಿಸಿ ಕಟ್ಟಿದರೆ ಟೋಪಿ ಹಿಂದೆ ಏಳುವುದಿಲ್ಲ ಅಂತಲೂ ಅವಳೇ ಕಂಡುಹಿಡಿದಿದ್ದು, ನನಗೆ ಅದೆಲ್ಲ ಎಲ್ಲಿ ಗೊತ್ತು.

ಸೆಪ್ಟೆಂಬರ್ 14

ನಿಲ್ಲುವುದು. "ಖುಲಿ ಲೈನ್ ಚಲ್", ಅಂದರೆ ಸಾಲುಗಳ ನಡುವೆ ಜಾಗ ಬಿಡುವ ಆರ್ಡರ್, ಆದ ಮೇಲೆ ಸಾಹೇಬರು ಕೊನೆಯ ಸಾಲಿಗೆ ಬರುವ ತನಕ ಅಲ್ಲಾಡದೆ ನಿಲ್ಲಬೇಕು. ಮೊಣಕಾಲು ಬಿಗಿದು ಹಿಂದಕ್ಕೆ ಒತ್ತಿ ನಿಂತವರು ತಲೆ ಸುತ್ತಿ ಬೀಳುತ್ತಾರೆ. ಮೊಣಕಾಲು ಸ್ವಲ್ಪ ಸಡಿಲ, ಬೂಟಿನೊಳಗೆ ಬೆರಳು ಆಡಿಸುತ್ತಿರಬೇಕು, ಬೆಳಿಗ್ಗೆ ಹೊಟ್ಟೆಗೆ ರೊಟ್ಟಿಯೋ ಸುಸಲಾನೋ ಏನಾದರೂ ಬಿದ್ದಿರಬೇಕು.

ಸಾಹೇಬರು ಪ್ರಶ್ನೆ ಕೇಳಬಹುದು ಅಂತ ಒಂದೆರಡು ಹೇಳಿಕೊಟ್ಟೆ. ಎನ್‌ಸಿಸಿ ಶುರುವಾಗಿದ್ದು 1948ರ ಜುಲೈ 15. ಆಗ ನಮ್ಮ ಕಲಬುರಗಿ ಇನ್ನೂ ನಿಜಾಮನ ಕೈಯಲ್ಲಿತ್ತು, ಎರಡು ತಿಂಗಳ ಮೇಲೆ ಅದೇ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಸಂಸ್ಥಾನ ಶರಣಾಯಿತು. ಅದೇ ದಿನದ ಪರೇಡ್ ನಿಮ್ಮದು ಅಂದಾಗ ಒಬ್ಬ, "ಹಂಗಾದ್ರ ನಮ್ಮ ಊರಾಗ ಆಗ ಎನ್‌ಸಿಸಿ ಇದ್ದಿಲ್ಲೇನ್ರಿ?" ಅಂದ. ಒಳ್ಳೆ ಪ್ರಶ್ನೆ. ಅವನನ್ನೇ ಸಾಹೇಬರು ಕೇಳಲಿ ಅಂದುಕೊಂಡೆ.

ಸೆಪ್ಟೆಂಬರ್ 16, ರಾತ್ರಿ

ನಿನ್ನೆ ರಾತ್ರಿಯಿಡೀ ಮಳೆ. ಶಾಲೆಯ ಮೈದಾನ ಎರೆಮಣ್ಣು, ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ, ಹತ್ತು ಹೆಜ್ಜೆ ಇಟ್ಟರೆ ಒಂದೊಂದು ಬೂಟೂ ಒಂದು ಸೇರು ತೂಗುತ್ತದೆ. ಎಲ್ಲರೂ ಚಪ್ಪಲಿಯಲ್ಲಿ ಬಂದರು, ಬೂಟು ಚೀಲದಲ್ಲಿ. ಕಟ್ಟೆ ಮೇಲೆ ಹಾಕಿಕೊಂಡು, ಸರಗೆ ಹೇಳಿ ಇನ್ಸ್‌ಪೆಕ್ಷನ್ನನ್ನೇ ಪರಸಿ ಹಾಸಿದ ಅಂಗಳಕ್ಕೆ ತಂದೆವು.

ಬಟಾಲಿಯನ್‌ನಿಂದ ಬಂದ ಸಾಹೇಬರು ಮುಂದಿನಿಂದ ನಿಧಾನಕ್ಕೆ ನೋಡಿದರು. ಹಿಂದೆ ಹೋದರು. ಹಿಮ್ಮಡಿ ನೋಡಿದರು. ಗುಲಾಬಿ ಮೊಣಕಾಲು ಕಣ್ಣಿಗೆ ಬೀಳಲಿಲ್ಲ. ಹೊಲಿಸಿದ ಬೂಟು ಎಲ್ಲಕ್ಕಿಂತ ಜಾಸ್ತಿ ಹೊಳೆಯುತ್ತಿತ್ತು. ಎರಡನೇ ಸೆಕ್ಷನ್ ಪೂರ್ತಿ ಸರಿ, ಒಂದು ಎಳೆ ಇಲ್ಲ. ಆದರೆ ಅದರ ಇನ್‌ಚಾರ್ಜ್ ಹಿಂದೆ ಸಾಹೇಬರು ನಿಂತರು. ಅವನ ಹಿಂದಿನ ಜೇಬಿನ ಗುಂಡಿ ಬಿಚ್ಚಿತ್ತು, ಬಾಚಣಿಕೆ ಹೊರಗೆ ಇಣುಕುತ್ತಿತ್ತು. ಆರು ಜನರ ಬೆನ್ನು ಅವನು ನೋಡಿದ್ದ, ಅವನ ಬೆನ್ನು ನೋಡಲು ನಾನು ಯಾರನ್ನೂ ಇಟ್ಟಿರಲಿಲ್ಲ.

ಸಾಹೇಬರು ತಿರುಗಿ ನನ್ನ ಕಡೆ ನೋಡಿದರು. ನಾನು ಬಾಗಿಲ ಹತ್ತಿರ ಸಿವಿಲ್ ಬಟ್ಟೆಯಲ್ಲಿ ನಿಂತಿದ್ದೆ. ಆದರೂ ಕಾಲು ತಾನಾಗಿಯೇ ಸಾವಧಾನ್ ಆಯಿತು.

ನಾಳೆ ಬೆಳಿಗ್ಗೆ ಐದೂವರೆಗೆ ಶಾಲೆಯ ಮುಂದೆ ಸೇರಿ, ಆಟೋ ಮಾಡಿಕೊಂಡು ಪೊಲೀಸ್ ಪರೇಡ್ ಮೈದಾನಕ್ಕೆ. ಇನ್‌ಚಾರ್ಜ್‌ಗಳು ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು ಅಂತ ಈಗಷ್ಟೇ ಫೋನ್ ಮಾಡಿ ಹೇಳಿದೆ. ಬಾಚಣಿಕೆ ನನ್ನ ಹತ್ತಿರ ಇದೆ, ಪರೇಡ್ ಮುಗಿದ ಮೇಲೆ ಕೊಡುತ್ತೇನೆ. ಎರಡು ಜೊತೆ ಲೇಸು ಹೆಚ್ಚಿಗೆ ಇಟ್ಟುಕೊಂಡಿದ್ದೇನೆ. ಹೊರಗೆ ಮತ್ತೆ ಹನಿ ಶುರುವಾಗಿದೆ.