ಎರಡು ಪಟ್ಟು ವೇಗದಲ್ಲಿ ಅಕ್ಕ

ಬೆಳಿಗ್ಗೆ ಅಕ್ಕನ ವಾಯ್ಸ್ ಮೆಸೇಜ್ ಬಂದಿತ್ತು. ಮೂರು ನಿಮಿಷದ್ದು. ಕೆಲಸದ ಗಡಿಬಿಡಿಯಲ್ಲಿ 2ಎಕ್ಸ್ ಒತ್ತಿ ಕೇಳಿದೆ, ಒಂದೂವರೆ ನಿಮಿಷಕ್ಕೆ ಮುಗಿಯಿತು. ಎಲ್ಲ ಆರಾಮ ಅಂದಳು. ಹೆಬ್ಬೆರಳಿನ ಇಮೋಜಿ ಕಳಿಸಿ ಸುಮ್ಮನಾದೆ.

ರಾತ್ರಿ ಯಾಕೋ ಅದನ್ನೇ ಮತ್ತೆ ತೆರೆದೆ. ಈ ಸಲ ಮಾಮೂಲಿ ವೇಗದಲ್ಲಿ.

"ಎಲ್ಲ..." ಅಂದವಳು ಅಲ್ಲೇ ನಿಲ್ಲುತ್ತಾಳೆ. ಉಸಿರು ಎಳೆದುಕೊಂಡ ಸದ್ದು. ದೂರದಲ್ಲೆಲ್ಲೋ ಬಾಗಿಲು ಹಾಕಿದ ಸದ್ದು. ಆಮೇಲೆ ಮೆಲ್ಲಗೆ, "ಆರಾಮ."

ಬೆಳಿಗ್ಗೆ ಈ ಉಸಿರು ನನಗೆ ಕೇಳಿಸಿರಲೇ ಇಲ್ಲ.

ವಾಟ್ಸಾಪ್‌ಗೆ ವಾಯ್ಸ್ ಮೆಸೇಜ್ ಬಂದದ್ದು 2013ರಲ್ಲಿ, ಈ ವೇಗದ ಬಟನ್ 2021ರಲ್ಲಿ. ದನಿ ಕೀರಲಾಗದ ಹಾಗೆ ಸಮಯವನ್ನಷ್ಟೇ ಕುಗ್ಗಿಸುತ್ತದೆ. ಮಾತೆಲ್ಲ ಸ್ಪಷ್ಟವಾಗಿ ಕೇಳುತ್ತದೆ, ನಿಜ. ಆದರೆ ಮಾತಿನ ನಡುವಿನ ತಡವರಿಕೆಯೂ ಅರ್ಧವಾಗುತ್ತದಲ್ವಾ? ಚಿಕ್ಕವರಿದ್ದಾಗ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಅವಳು ಮಗ್ಗುಲು ಬದಲಿಸಿದ ರೀತಿಯಲ್ಲೇ ನನಗೆ ಗೊತ್ತಾಗುತ್ತಿತ್ತು, ನಿದ್ದೆ ಬಂದಿಲ್ಲ ಅಂತ. ಈಗ ಎಲ್ಲಿದ್ದರೂ ಅವಳ ದನಿ ಕ್ಷಣದಲ್ಲಿ ನನ್ನ ಕಿವಿಗೆ ಬರುತ್ತದೆ. ಇದು ದೊಡ್ಡ ಭಾಗ್ಯವೇ. ಅದನ್ನೇ ನಾನು ಓಡಿಸಿಕೊಂಡು ಕೇಳಿದ್ದೆ.

ಹನ್ನೊಂದು ಗಂಟೆ ಆಗಿತ್ತು. ಆದರೂ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಏನಾಯ್ತೇ ಅಕ್ಕಾ?" ಅಂದೆ.

ತುಂಬಾ ಹೊತ್ತು ಏನೂ ಹೇಳಲಿಲ್ಲ. ನಾನೂ ಅವಸರ ಮಾಡಲಿಲ್ಲ. ಆಮೇಲೆ ಶುರು ಮಾಡಿದಳು.