ಅಪರಿಚಿತರನ್ನು ಅಪ್ಪಿಕೊಂಡು ಕುಣಿಯಲು ಮುಜುಗರವಾಗುವುದಿಲ್ಲವೇ?

ನಾನು ಟ್ಯಾಂಗೋ ಕುಣಿಯುತ್ತೇನೆಂದು ತಿಳಿದ ಕೂಡಲೇ ಜನ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತ ದೊಡ್ಡಮ್ಮ ದನಿ ತಗ್ಗಿಸಿ ಕೇಳಿದ್ದಾರೆ, ಕಚೇರಿಯ ಗೆಳತಿಯರು ನಗುತ್ತ ಕೇಳಿದ್ದಾರೆ: ಗುರುತು ಪರಿಚಯವಿಲ್ಲದ ಗಂಡಸನ್ನು ಅಷ್ಟು ಹತ್ತಿರದಿಂದ ಅಪ್ಪಿಕೊಂಡು ಕುಣಿಯಲು ಮುಜುಗರವಾಗುವುದಿಲ್ಲವೇ? ಆಗುತ್ತಿತ್ತು. ಬೆಂಗಳೂರಿನ ತರಗತಿಯಲ್ಲಿ ಮೊದಲ ಕೆಲವು ತಿಂಗಳು ಧಾರಾಳವಾಗಿಯೇ ಆಗುತ್ತಿತ್ತು. ಆ ಅಪ್ಪುಗೆ ಯಾವ ಕೆಲಸಕ್ಕಾಗಿ ಇದೆ ಎಂಬುದು ಮೈಗೆ ತಿಳಿದ ಮೇಲೆ ಮುಜುಗರ ತಾನಾಗಿ ಕಡಿಮೆಯಾಯಿತು.

ಕೇಳುವವರ ಕಣ್ಣ ಮುಂದೆ ಇರುವುದು ಹೆಚ್ಚಾಗಿ ರಂಗದ ಮೇಲಿನ ಟ್ಯಾಂಗೋ: ಹಲ್ಲಿನಲ್ಲಿ ಕಚ್ಚಿದ ಗುಲಾಬಿ, ಗಾಳಿಗೆ ಚಿಮ್ಮುವ ಕಾಲು, ನುಂಗುವಂಥ ನೋಟ. ಪ್ರೇಕ್ಷಕರಿಗಾಗಿ ಹೆಣೆದ ಆ ಪ್ರದರ್ಶನಕ್ಕೂ ಅರ್ಜೆಂಟೀನಾದ ಬ್ಯೂನಸ್ ಐರಿಸ್ ಮತ್ತು ಉರುಗ್ವೆಯ ಮೊಂಟೆವಿಡಿಯೊ ನಗರಗಳ ಜನ ತಮ್ಮ ಸಂತೋಷಕ್ಕೆ ಕುಣಿಯುವ ಟ್ಯಾಂಗೋಗೂ ಬಹಳ ಅಂತರವಿದೆ. ಹಾಗೆ ಸೇರಿ ಕುಣಿಯುವ ಕೂಟಕ್ಕೆ ಮಿಲೊಂಗ ಎಂದು ಹೆಸರು. ಅದೇ ಹೆಸರಿನ ಚುರುಕು ಲಯದ ಸಂಗೀತವೂ ಇರುವುದರಿಂದ ಹೊಸಬರಿಗೆ ಗೊಂದಲವಾಗುವುದು ಸಹಜ. ಬ್ಯೂನಸ್ ಐರಿಸ್‌ನ ವಿಯಾ ಉರ್ಕಿಸಾ ಬಡಾವಣೆಯಲ್ಲಿರುವ ಸಂಡರ್ಲಂಡ್ ಕ್ಲಬ್ಬಿನ ಹೆಸರಾಂತ ಮಿಲೊಂಗ ನಡೆಯುವುದು ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ. ಅಂಥ ಕಡೆ ಹೋಗಿ ನೋಡಿದರೆ ಕಾಣುವುದು ಬಹುಮಟ್ಟಿಗೆ ನಡಿಗೆ. ಎಪ್ಪತ್ತು ದಾಟಿದ ದಂಪತಿಗಳು ನೆಲಕ್ಕೆ ಪಾದವನ್ನು ಅಂಟಿಸಿಕೊಂಡಂತೆ, ಅವಸರವಿಲ್ಲದೆ, ಅಪ್ರದಕ್ಷಿಣವಾಗಿ ಸುತ್ತು ಬರುತ್ತಿರುತ್ತಾರೆ.

ಈ ನಡಿಗೆಗೆ ಮೊದಲೇ ಗೊತ್ತುಮಾಡಿಕೊಂಡ ಹೆಜ್ಜೆಗಳ ಸರಣಿ ಇಲ್ಲ. ಮುನ್ನಡೆಸುವವರು ಮುಂದಿನ ಹೆಜ್ಜೆಯನ್ನು ಆ ಕ್ಷಣದಲ್ಲೇ ಹುಟ್ಟಿಸುತ್ತಾರೆ, ಅನುಸರಿಸುವವರು ಬಹುಪಾಲು ಹಿಮ್ಮುಖವಾಗಿ, ಎಷ್ಟೋ ಸಲ ಕಣ್ಣು ಮುಚ್ಚಿಕೊಂಡು, ಅದನ್ನು ಪೂರ್ತಿಗೊಳಿಸುತ್ತಾರೆ. ಹಾಗಿದ್ದ ಮೇಲೆ ಹೆಜ್ಜೆ ಎತ್ತ ಹೋಗಲಿದೆ ಎಂಬುದು ನನಗೆ ತಿಳಿಯುವುದು ಹೇಗೆ? ಎದುರಿನವರ ಎದೆಯಿಂದ. ನಮ್ಮ ಗುರುಗಳು ಇದನ್ನು ಮಾತಿನಲ್ಲಿ ವಿವರಿಸಿ ಸೋತು, ಒಂದು ದಿನ ಇಬ್ಬರಿಬ್ಬರನ್ನು ಎದುರುಬದುರು ನಿಲ್ಲಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿ, ಎದೆಗಳ ನಡುವೆ ಒಂದು ಹಾಳೆಯನ್ನಿಟ್ಟು ನಡೆಯಲು ಹೇಳಿದರು. ಹಿಂದೆ ವಾಲಿದರೆ ಹಾಳೆ ಬೀಳುತ್ತಿತ್ತು, ಮುಂದೆ ಒತ್ತಿದರೆ ಮುದುಡುತ್ತಿತ್ತು. ಹತ್ತು ನಿಮಿಷದ ಹೊತ್ತಿಗೆ ನನಗೆ ನನ್ನ ಜೊತೆಗಾರರ ಭಾರ ಎಡಗಾಲಿನ ಮೇಲಿದೆಯೇ ಬಲಗಾಲಿನ ಮೇಲಿದೆಯೇ ಎಂಬುದು ಕೆಳಗೆ ನೋಡದೆಯೇ ತಿಳಿಯತೊಡಗಿತು. ಅಂದಿನಿಂದ ಅಪ್ಪುಗೆ ನನ್ನ ಪಾಲಿಗೆ ಒಂದು ಬಗೆಯ ಕಿವಿಯಾಗಿದೆ. ತೋಳಿನಿಂದ ತಳ್ಳಿ ಎಳೆದು ನಡೆಸುವವರೊಡನೆ ಕುಣಿದರೆ ಕಿಕ್ಕಿರಿದ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದಂತಿರುತ್ತದೆ, ಏನೂ ಕೇಳಿಸುವುದಿಲ್ಲ.

ಕೇಳಿಸಬೇಕಾದದ್ದು ಸಂಗೀತ. ಟ್ಯಾಂಗೋದ ಮುಖ್ಯ ವಾದ್ಯವಾದ ಬಂದೊನಿಯನ್ ಹುಟ್ಟಿದ್ದು ಜರ್ಮನಿಯಲ್ಲಿ; ಕ್ರೆಫೆಲ್ಡ್ ಊರಿನ ಹೈನ್ರಿಶ್ ಬ್ಯಾಂಡ್ ಎಂಬ ವಾದ್ಯ ವ್ಯಾಪಾರಿಯ ಹೆಸರಿನಿಂದ ಅದಕ್ಕೆ ಆ ಹೆಸರು ಬಂದಿತು. ನಮ್ಮ ಹಾರ್ಮೋನಿಯಂನಂತೆ ಇದು ಕೂಡ ತಿದಿಯ ಗಾಳಿಯಿಂದ ಲೋಹದ ನಾಲಿಗೆಗಳನ್ನು ನುಡಿಸುವ ವಾದ್ಯವೇ, ಆದರೆ ತೊಡೆಯ ಮೇಲಿಟ್ಟು ಎರಡೂ ಕೈಗಳಿಂದ ಹಿಗ್ಗಿಸಿ ಕುಗ್ಗಿಸಬೇಕು. ಟ್ಯಾಂಗೋದವರು ಬಳಸುವ ಮಾದರಿಯಲ್ಲಿ 71 ಗುಂಡಿಗಳಿದ್ದು, ಬಹುತೇಕ ಗುಂಡಿಗಳು ತಿದಿ ತೆರೆಯುವಾಗ ಒಂದು ಸ್ವರವನ್ನೂ ಮುಚ್ಚುವಾಗ ಇನ್ನೊಂದು ಸ್ವರವನ್ನೂ ಕೊಡುತ್ತವೆ. ಕಲಿಯುವವರಿಗೆ ಇದೊಂದು ಶಿಕ್ಷೆ. ಕೇಳುವವರಿಗೆ ಮಾತ್ರ ವಾದ್ಯ ಉಸಿರಾಡುತ್ತಿರುವಂತೆ ಅನಿಸುತ್ತದೆ, ಜೊತೆಗಾರರ ಉಸಿರು ಅದರೊಡನೆ ಕೂಡಿಕೊಳ್ಳುವುದೂ ಅಪ್ಪುಗೆಯಲ್ಲಿ ತಿಳಿಯುತ್ತದೆ.

ಮಿಲೊಂಗಗಳಲ್ಲಿ ಇಂದಿಗೂ ಹೆಚ್ಚಾಗಿ ನುಡಿಸುವುದು ಸುಮಾರು 1935ರಿಂದ 1955ರವರೆಗಿನ ಧ್ವನಿಮುದ್ರಿಕೆಗಳನ್ನು. ಹುವಾನ್ ದಾರಿಯೆನ್ಸೊ ಅವರ ವಾದ್ಯವೃಂದಕ್ಕೆ 1935ರ ಕೊನೆಯಲ್ಲಿ ರೊಡೊಲ್ಫೊ ಬಿಯಾಜಿ ಪಿಯಾನೊ ವಾದಕರಾಗಿ ಸೇರಿದ ಮೇಲೆ ಅದರ ತಾಳ ಎಷ್ಟು ಚೂಪಾಯಿತೆಂದರೆ, ಕುಳಿತವರ ಕಾಲೂ ಸುಮ್ಮನಿರುವುದಿಲ್ಲ. ಕಾರ್ಲೋಸ್ ದಿ ಸಾರ್ಲಿ ಅವರ ಪಿಟೀಲುಗಳು ಎಣ್ಣೆಯಂತೆ ಹರಿಯುತ್ತವೆ, ಅಲ್ಲಿ ಹೆಜ್ಜೆಯನ್ನು ನಿಧಾನವಾಗಿ ಚಾಚಬೇಕು. ಒಸ್ವಾಲ್ಡೊ ಪುಗ್ಲಿಯೆಸೆ ಅವರದು ತಾಳವನ್ನು ಜಗ್ಗಿ, ತಡೆದು, ಒಮ್ಮೆಲೇ ಬಿಡುವ ಸಂಗೀತ. ಕಮ್ಯುನಿಸ್ಟರಾಗಿದ್ದ ಪುಗ್ಲಿಯೆಸೆ ಸೆರೆಮನೆಯಲ್ಲಿದ್ದಾಗ ಅವರ ವಾದ್ಯವೃಂದದವರು ಖಾಲಿ ಪಿಯಾನೊದ ಮೇಲೆ ಒಂದು ಕೆಂಪು ಹೂವನ್ನಿಟ್ಟು ಕಛೇರಿ ನಡೆಸುತ್ತಿದ್ದರು. ಇನ್ನು ಟ್ಯಾಂಗೋವನ್ನು ಕುಣಿತಕ್ಕಿಂತ ಹೆಚ್ಚಾಗಿ ಕೇಳುವ ಸಂಗೀತವಾಗಿ ಬೆಳೆಸಿದ ಆಸ್ತೊರ್ ಪಿಯಾಸೊಲ್ಲಾ ಅವರ ವಿಷಯ: ಅವರನ್ನು ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಕೇಳುವುದೇ ನನಗಿಷ್ಟ, ಮಿಲೊಂಗಗಳಲ್ಲಿ ಅವರ ಸಂಗೀತ ಅಪರೂಪ.

ಇಷ್ಟಾದರೂ ದೊಡ್ಡಮ್ಮನ ಪ್ರಶ್ನೆಯಲ್ಲಿ ಒಂದು ಭಾಗ ಉಳಿಯುತ್ತದೆ: ಬೇಡವೆನಿಸಿದರೆ ಏನು ಮಾಡುತ್ತೀ? ಅದಕ್ಕೆ ಉತ್ತರ ಮಿಲೊಂಗದ ರೀತಿ ರಿವಾಜುಗಳಲ್ಲಿದೆ. ಹಾಡುಗಳನ್ನು ಮೂರು ಅಥವಾ ನಾಲ್ಕರ ಕಂತುಗಳಾಗಿ ನುಡಿಸುತ್ತಾರೆ. ಒಂದು ಕಂತಿಗೆ ತಾಂದಾ ಎನ್ನುತ್ತಾರೆ, ಅದರಲ್ಲಿ ಸಾಮಾನ್ಯವಾಗಿ ಒಂದೇ ವಾದ್ಯವೃಂದದ ಹಾಡುಗಳಿರುತ್ತವೆ. ಎರಡು ತಾಂದಾಗಳ ನಡುವೆ ಟ್ಯಾಂಗೋಗೆ ಸಂಬಂಧವಿಲ್ಲದ ಯಾವುದೋ ಹಾಡಿನ ಒಂದು ತುಣುಕು ಬರುತ್ತದೆ, ಅದು ಕೊರ್ತಿನಾ, ಅಂದರೆ ತೆರೆ. ಆಗ ಜೋಡಿಗಳು ಬಿಡಿಸಿಕೊಂಡು ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ಹೊಸ ತಾಂದಾ ಶುರುವಾಗಿ, ಇದು ದಿ ಸಾರ್ಲಿ ಎಂದು ಕಿವಿಗೆ ಗೊತ್ತಾದ ಮೇಲೆ, ಈ ಸಂಗೀತಕ್ಕೆ ಯಾರು ಸರಿ ಎಂದು ಕಣ್ಣು ಹುಡುಕುತ್ತದೆ. ಸಭಾಂಗಣದ ಆ ಬದಿಯಿಂದ ಒಬ್ಬರು ನೋಡುತ್ತಾರೆ, ನಾನು ನೋಟ ತಪ್ಪಿಸದಿದ್ದರೆ ತಲೆಯನ್ನು ಕೊಂಚ ಅಲುಗಿಸುತ್ತಾರೆ, ನಾನೂ ತಲೆಯಾಡಿಸಿದರೆ ಒಪ್ಪಂದವಾದಂತೆ. ಇದಕ್ಕೆ ಕಬೆಸೆಯೊ ಎಂದು ಹೆಸರು. ಒಪ್ಪಿಗೆಯಿಲ್ಲದಿದ್ದರೆ ನಾನು ನನ್ನ ನೀರಿನ ಲೋಟವನ್ನು ನೋಡುತ್ತೇನೆ. ಯಾರೂ ಎದ್ದು ಬಂದಿಲ್ಲ, ಯಾರೂ ಬೇಡವೆಂದಿಲ್ಲ, ಯಾರ ಮಾನವೂ ಹೋಗಿಲ್ಲ.

ಈ ರಿವಾಜುಗಳನ್ನು ಪೂರ್ತಿ ಕಲಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಬ್ಯೂನಸ್ ಐರಿಸ್‌ಗೆ ಹೋದಾಗ ಮೊದಲ ರಾತ್ರಿ ವಯಸ್ಸಾದ ಸಜ್ಜನರೊಬ್ಬರು ನನ್ನನ್ನು ಕರೆದರು. ಮೊದಲ ಹಾಡು ಮುಗಿದಾಗ ನಾನು ಸಂತೋಷದಿಂದ, ಬಾಯಿತುಂಬ 'ಗ್ರಾಸಿಯಾಸ್' ಎಂದೆ. ಅವರ ಮುಖ ಸಪ್ಪಗಾಯಿತು. ಏನೂ ಹೇಳದೆ ನನ್ನನ್ನು ನನ್ನ ಕುರ್ಚಿಯವರೆಗೆ ತಲುಪಿಸಿ, ತಲೆಬಾಗಿ ಹೊರಟುಹೋದರು. ತಾಂದಾದ ನಡುವೆ ಧನ್ಯವಾದ ಹೇಳಿದರೆ 'ನಿಮ್ಮೊಡನೆ ಇಷ್ಟು ಸಾಕು' ಎಂದರ್ಥವೆಂದು ಪಕ್ಕದಲ್ಲಿದ್ದ ಹೆಂಗಸು ತಿಳಿಸಿದಾಗ ಇನ್ನೂ ಎರಡು ಹಾಡು ಬಾಕಿ ಇದ್ದವು. ಕ್ಷಮೆ ಕೇಳೋಣವೆಂದರೆ ಅವರು ಉಳಿದ ರಾತ್ರಿ ನನ್ನತ್ತ ಕಣ್ಣು ಹಾಯಿಸಲೇ ಇಲ್ಲ.

ಈ ವ್ಯವಸ್ಥೆಯಲ್ಲಿ ದೋಷವಿಲ್ಲವೆಂದು ನಾನು ಹೇಳಲಾರೆ. ಗಂಡಸರು ಕಡಿಮೆಯಿರುವ ರಾತ್ರಿಗಳಲ್ಲಿ ಒಳ್ಳೆಯ ನರ್ತಕಿಯರು ಗಂಟೆಗಟ್ಟಲೆ ಕುರ್ಚಿ ಬಿಸಿ ಮಾಡುತ್ತ ಕೂರುತ್ತಾರೆ, ಕಿರಿಯರಿಗೆ ಮಾತ್ರ ಕರೆ ಬರುತ್ತಲೇ ಇರುತ್ತದೆ. ಅಪ್ಪುಗೆಯನ್ನು ಬೇರೆ ಉದ್ದೇಶಕ್ಕೆ ಬಳಸಿಕೊಳ್ಳುವವರೂ ಇದ್ದಾರೆ. ಆದರೆ ಅಂಥವರ ಸುದ್ದಿ ಹೆಂಗಸರ ಸಾಲಿನಲ್ಲಿ ಬೇಗ ಹರಡುತ್ತದೆ, ಆಮೇಲೆ ಅವರ ಕಣ್ಣಿಗೆ ಸಿಗುವುದು ನೀರಿನ ಲೋಟ ನೋಡುವ ಹೆಂಗಸರು ಮಾತ್ರ. ಹೆಂಗಸರು ಮುನ್ನಡೆಸುವುದು, ಗಂಡಸರು ಅನುಸರಿಸುವುದು ಈಗ ಅನೇಕ ಕಡೆ ಸಾಮಾನ್ಯವಾಗಿದೆ, ನಾನೂ ಮುನ್ನಡೆಸಲು ಕಲಿಯುತ್ತಿದ್ದೇನೆ. ಇದೇನೂ ಅಷ್ಟು ಹೊಸದಲ್ಲ. ಹಿಂದೆ ಹುಡುಗರು ಮಿಲೊಂಗಕ್ಕೆ ಕಾಲಿಡುವ ಮುನ್ನ ಗಂಡಸರೊಡನೆಯೇ ಅಭ್ಯಾಸ ಮಾಡಿ, ಮೊದಲು ಅನುಸರಿಸಲು ಕಲಿಯುತ್ತಿದ್ದರು.

ಹಾಡು ಶುರುವಾದ ಕೂಡಲೇ ಅಲ್ಲಿ ಯಾರೂ ಅಪ್ಪಿಕೊಳ್ಳುವುದಿಲ್ಲ. ಹತ್ತಿಪ್ಪತ್ತು ಸೆಕೆಂಡು ಹವಾಮಾನದ ಬಗ್ಗೆಯೋ ಊರಿನ ಬಗ್ಗೆಯೋ ಮಾತಾಡುತ್ತ ನಿಲ್ಲುತ್ತಾರೆ, ಮಾತು ಅರ್ಧದಲ್ಲಿರುವಾಗಲೇ ಒಬ್ಬರು ಎಡಗೈ ಚಾಚುತ್ತಾರೆ. ಇದನ್ನು ಕೇಳಿದ ದೊಡ್ಡಮ್ಮ, "ಅಷ್ಟು ಹೊತ್ತಿನಲ್ಲಿ ಹೆಸರಾದರೂ ಕೇಳುತ್ತೀಯೋ ಇಲ್ಲವೋ?" ಎಂದರು. ಕೇಳುತ್ತೇನೆ, ದೊಡ್ಡಮ್ಮ, ಆದರೆ ನೆನಪಿನಲ್ಲಿ ಉಳಿಯುವುದು ಕಡಿಮೆ.